ನಡುವೆ ತಪ್ಪಿದ ದಿನಗಳು

ನಿನ್ನೆ ಧನಕವಡಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. ತೋಳಿಗೆ ಸ್ಪಿರಿಟ್ ಸವರಿದರು ನೋಡಿ, ಆ ತಣ್ಣನೆಯ ವಾಸನೆಗೆ ಕಣ್ಣು ತಾನಾಗಿ ಮುಚ್ಚಿತು. ತೊಂಬತ್ತರ ದಶಕದ ಒಂದು ಕೋಣೆ ಮೆಲ್ಲಗೆ ತೇಲಿಬಂತು.

ಅದು ಇದೇ ಮರಾಠಿ ಊರಿನಲ್ಲಿದ್ದ, ಧಾರವಾಡ ಮೂಲದ ವತ್ಸಲಾ ಮೇಡಂ ಅವರ ಪ್ರಯೋಗಾಲಯ. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ವಿಕಿರಣ ಹಾಯಿಸಿ, ಎಷ್ಟು ಉಳಿದವೆಂದು ನೋಡುವುದೇ ಅವರ ಬದುಕು. ತಟ್ಟೆ ತೊಳೆಯುವುದು ನನ್ನದು. ಊರಿಗೆ ಬರೆಯುವ ಕಾಗದದಲ್ಲಿ ಮಾತ್ರ ನಾನು ‘ಸಂಶೋಧಕ’. ಚಿಕಿತ್ಸೆಯ ನಡುವೆ ಕೆಲವು ದಿನ ತಪ್ಪಿದರೆ ಅಳಿದುಳಿದ ಕೋಶಗಳು ಇನ್ನಷ್ಟು ಬಿರುಸಾಗಿ ಬೆಳೆಯುತ್ತವೆ. ಇದು ಅವರು ವರ್ಷಗಟ್ಟಲೆ ಕೂತು ಕಂಡದ್ದು.

ಪಕ್ಕದ ಆಸ್ಪತ್ರೆಗೆ ದಿನವೂ ವಿಕಿರಣ ಚಿಕಿತ್ಸೆಗೆ ಶಾಂತಮ್ಮ ಬರುತ್ತಿದ್ದಳು. ಕಲಬುರಗಿ ಕಡೆಯವಳು, ಊರಂಚಿನ ಕೊಂಢವಾದಲ್ಲಿ ಗಾರೆ ಹೊರುವ ಕೆಲಸ, ಗಂಟಲಲ್ಲಿ ಗಡ್ಡೆ. ಮರಾಠಿ ಬಾರದ ಅವಳಿಗೆ ಮೇಡಮ್ಮೇ ದುಭಾಷಿ. ಒಂದು ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ವಿಚಾರಿಸಿದರೆ, ಗುತ್ತಿಗೆದಾರ ಆಳುಗಳನ್ನೆಲ್ಲ ದೂರದ ಬಾರಾಮತಿಗೆ ಕರೆದೊಯ್ದಿದ್ದ.

“ನಮ್ಮ ಕೆಲಸ ತಟ್ಟ್ಯಾಗಿಂದು ನೋಡೂದು ಅಷ್ಟ ಅಲ್ರೀ ಮೇಡಂ?” ಎಂದೆ.

“ತಟ್ಟ್ಯಾಗ ಕಂಡದ್ದು ಆಕಿ ಗಂಟಲದಾಗೂ ನಡದಿರ್ತದ. ಚಪ್ಪಲಿ ಹಾಕ್ಕೋ,” ಎಂದರು.

ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ನಿದ್ದೆಯಲ್ಲಿ ಕಂಡಂತೆ ಹಿಂದೆ ಸರಿದವು. ಕಟ್ಟುತ್ತಿದ್ದ ಗೋದಾಮಿನ ನೆರಳಲ್ಲಿ ಶಾಂತಮ್ಮ ಸಿಕ್ಕಳು.

“ನೋವು ಕಮ್ಮಿ ಆಯ್ತ್ರಿ ಅಕ್ಕಾ. ಮುಗೀತಂತ ತಿಳ್ಕೊಂಡಿನ್ರಿ,” ಎಂದಳು.

ಮೇಡಂ ಮರಳ ರಾಶಿಯ ಮೇಲೆ ಅವಳ ಪಕ್ಕದಲ್ಲಿ ಕೂತು, ಬೇರು ಉಳಿದರೆ ಮತ್ತೆ ಚಿಗುರುವ ಕರಿಕೆ ಹುಲ್ಲಿನ ಮಾತು ಹೇಳಿ ಒಪ್ಪಿಸಿದರು. ಸಂಜೆ ಮೂವರೂ ಮರಳಿದೆವು. ಚಿಕಿತ್ಸೆ ಮುಗಿಯುವವರೆಗೆ ಅವಳು ಮೇಡಂ ಮನೆಯಲ್ಲೇ ಇದ್ದಳು. ಬಾರದವರನ್ನು ಅಂದೇ ಹುಡುಕಿಸುವ ರೂಢಿ ಆ ಆಸ್ಪತ್ರೆಗೆ ಬಂದದ್ದು ಆಮೇಲೆ. ಅವರು ಪ್ರಕಟಿಸಿದ ಎಲ್ಲ ಲೇಖನಗಳಿಗಿಂತ ಅದೇ ದೊಡ್ಡದೆಂದು ಈಗ ಅನಿಸುತ್ತದೆ.

ಹೊಸ ಶತಮಾನ ಬಂದ ಮೇಲೊಮ್ಮೆ, ಗುಣವಾದ ಶಾಂತಮ್ಮ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. “ಚಂದ ಅದಾವ್ರಿ. ಇವಕ್ಕ ಯಾರೂ ಬುದ್ಧಿ ಹೇಳಲಿಲ್ಲೇನ್ರಿ?” ಎಂದಳು. ಮೇಡಂ ನಕ್ಕರು.

ಮರುವರ್ಷವೇ ನಾನು ಒಂದು ಔಷಧ ಕಂಪನಿ ಸೇರಿದೆ. ಮೇಡಂಗೆ ಮುಖ ಕೊಟ್ಟು ಹೇಳುವ ಧೈರ್ಯವಾಗದೆ ಚೀಟಿ ಬರೆದಿಟ್ಟು ಹೋದವನು, ಮತ್ತೆ ವಿಚಾರಿಸಲೂ ಇಲ್ಲ.

ನಿನ್ನೆ ಮನೆಗೆ ಬಂದವನೇ, ನಿವೃತ್ತರಾಗಿ ಊರು ಸೇರಿದ್ದಾರೆಂದು ಕೇಳಿದ್ದ ಮೇಡಂ ಅವರ ಧಾರವಾಡದ ನಂಬರು ಹುಡುಕಿ ಫೋನ್ ಮಾಡಿದೆ. ಹೆಸರು ಹೇಳಿದೆ. ಆ ಕಡೆಯಿಂದ ಮೇಡಂ ಅವರ ಮುದಿದನಿ ಬಂತು.

“ಎಷ್ಟು ದಿವಸ ತಪ್ಪಿಸೀಪಾ?”

“ಭಾಳ ಆತ್ರಿ ಮೇಡಂ.”

“ಇರ್ಲಿ. ಬಾ.”

ಈ ಸಾಲುಗಳನ್ನು ಧಾರವಾಡದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.