ಎರಡು ಎಡಗೈ ತೋಳು

ನಮ್ಮ ಅತ್ತೆಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ದಾರ ಹೋದರೆ ಸಿಟ್ಟು ಸಣ್ಣದು. ಮೂರು ಸಲ ತಪ್ಪಿತೋ, ಎದುರಿಗಿದ್ದವರು ಎದ್ದು ಹೋಗುವುದು ಒಳ್ಳೆಯದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನ ಅಕ್ಕ ಆಕೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ನನ್ನ ಅಳತೆಗೆ ಸರಿಹೋಗೋನು ಸಿಗಲಿಲ್ಲ" ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸಿದಳು. ಊರಿಗೆಲ್ಲ ಅವಳು ಆಯಮ್ಮ. ಆದರೆ ಅವಳು ಹುಟ್ಟಿದ್ದು ಮೂಗು ಒರೆಸಲಿಕ್ಕಲ್ಲ, ಬಟ್ಟೆ ಕತ್ತರಿಸಲಿಕ್ಕೆ. ಅದನ್ನು ಅವಳ ಕೈಯಿಂದ ಕಿತ್ತುಕೊಂಡವನು ಒಬ್ಬನಿದ್ದ. ಅವನ ಮೇಲೆ ಅವಳು ಬಿಟ್ಟದ್ದು ನಾಲ್ಕು ಸಾಲಿನ ಒಂದು ಮಕ್ಕಳ ಪದ್ಯವನ್ನು.

ಕಚ ಕಚ ಕಚ ಕತ್ತರಿ ಮಾಸ್ಟ್ರು
ಎಡಗೈ ತೋಳು ಎರಡು ಕೊಟ್ರು
ಬಲಗೈ ಎಲ್ಲಿ? ಬೆನ್ನಿನ ಹಿಂದೆ!
ತಪ್ಪು ಯಾರ್ದು? ಮಾಸ್ಟ್ರದೇ ಅಂದೆ!

ನಾನು ಇದನ್ನು ಹಾಡಿಕೊಂಡೇ ಬೆಳೆದವಳು. 'ಬೆನ್ನಿನ ಹಿಂದೆ' ಎನ್ನುವಾಗ ಎಲ್ಲರೂ ಬಲಗೈ ಬಚ್ಚಿಡಬೇಕು, ತಡಮಾಡಿದವರು ಔಟ್. ಅರ್ಥ ಕೇಳುವ ಬುದ್ಧಿ ಬಂದದ್ದು ನನಗೆ ಹನ್ನೆರಡಾದಾಗ. ಅತ್ತೆ ಸೂಜಿ ದಾರ ಕೈಗೆತ್ತಿಕೊಂಡಳು. ದಾರ ಐದು ಸಲ ತಪ್ಪಿತು. ಆಮೇಲೆ ಹೇಳಿದಳು.

ಇಪ್ಪತ್ತರ ವಯಸ್ಸಿನಲ್ಲಿ ಅವಳು ಮಾರುಕಟ್ಟೆ ಬೀದಿಯ ಒಂದು ಟೈಲರ್ ಅಂಗಡಿಗೆ ಕಾಜಾ, ಗುಂಡಿ ಕೆಲಸಕ್ಕೆ ಸೇರಿದ್ದಳು. ಹೆಂಗಸರು ಮೆಷಿನ್ ಹಿಂದೆ, ಗಂಡಸರು ಕಟಿಂಗ್ ಮೇಜಿನ ಹಿಂದೆ, ಅದು ಅಲ್ಲಿಯ ಬರೆಯದ ಕಾನೂನು. ಅತ್ತೆ ನಾಲ್ಕು ವರ್ಷ ಮೇಜಿನ ಪಕ್ಕ ನಿಂತು ಬಟ್ಟೆ ಹಾಸುತ್ತಾ, ನೋಡುತ್ತಾ ಕತ್ತರಿಯ ಕೆಲಸ ಕದ್ದು ಕಲಿತಳು. ಮಾಸ್ಟರ್ ಅದನ್ನು ಗಮನಿಸಿದ್ದ. (ಅವನಿಗೆ ಬಹುವಚನ ಕೊಡಲು ನನ್ನ ಪೆನ್ನು ಒಪ್ಪುವುದಿಲ್ಲ. ಪದ್ಯದಲ್ಲಿ ಕೊಟ್ಟದ್ದು ಬರೀ ಪ್ರಾಸಕ್ಕೆ.) "ಈ ಸ್ಕೂಲ್ ಯೂನಿಫಾರ್ಮ್ ಮುಗೀಲಿ, ಕತ್ತರಿ ನಿನ್ನ ಕೈಗೇ ಕೊಡ್ತೀನಿ" ಎಂದು ಎಲ್ಲರೆದುರು ಹೇಳಿಯೂ ಇದ್ದ.

ಯೂನಿಫಾರ್ಮ್ ಬಟ್ಟೆಗೆ ಒಂದು ಕಡೆ ಮೊಗ, ಇನ್ನೊಂದು ಕಡೆ ಬೆನ್ನು. ತೋಳು ಕತ್ತರಿಸಲು ಪದರ ಪದರವಾಗಿ ಹಾಸುವಾಗ ಒಂದು ಪದರ ಮೊಗ ಮೇಲೆ, ಮುಂದಿನದು ಮೊಗ ಕೆಳಗೆ ಬರಬೇಕು. ಹಾಗಾದರೆ ಮಾತ್ರ ಅರ್ಧ ಎಡಗೈಯವು, ಅರ್ಧ ಬಲಗೈಯವು. ಎಲ್ಲವನ್ನೂ ಮೊಗ ಮೇಲಾಗಿ ಹಾಸಿಬಿಟ್ಟರೆ ಎಲ್ಲ ತೋಳೂ ಒಂದೇ ಕೈಯವಾಗುತ್ತವೆ. ಅದಕ್ಕೇ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬಟ್ಟೆ ಹಾಸಿದವರು ಮೇಲಿನ ಪದರದ ಮೂಲೆಯಲ್ಲಿ ಸೀಮೆಸುಣ್ಣದಿಂದ ತಮ್ಮ ಗುರುತು ಹಾಕಬೇಕು. ಅತ್ತೆಯದು ಕೂಡು ಗುರುತು. ಮಾಸ್ಟರನದು ಸೊನ್ನೆ.

ಶಾಲೆ ತೆರೆಯಲು ಎರಡೇ ದಿನ ಇತ್ತು. ಗುಂಡಿ ಸಾಲಲಿಲ್ಲವೆಂದು ಅತ್ತೆಯನ್ನು ಪೇಟೆಗೆ ಅಟ್ಟಿ, ಮಾಸ್ಟರ್ ತಾನೇ ಅವಸರವಸರವಾಗಿ ಬಟ್ಟೆ ಹಾಸಿ ಕತ್ತರಿಸಿದ. ಅವಳು ಬರುವಷ್ಟರಲ್ಲಿ ಅರವತ್ತು ಅಂಗಿಗೆ ನೂರಿಪ್ಪತ್ತು ತೋಳು ಸಿದ್ಧ. ನೂರಿಪ್ಪತ್ತೂ ಎಡಗೈಯವು. ಮೇಲಿನ ಪದರದಲ್ಲಿ ಅವನ ಸೊನ್ನೆ ಕಾಣುತ್ತಿತ್ತು.

"ಮಾಸ್ಟ್ರೇ, ಎಲ್ಲಾ ಎಡಗೈ ಆಗಿದೆ."

"ಬಾಯಿ ಮುಚ್ಕೊಂಡು ಎಳೆದು ಹೊಲಿ. ಮಕ್ಕಳಿಗೇನು ಗೊತ್ತಾಗುತ್ತೆ?"

ಎಳೆದು ಹೊಲಿದರು. ಶಾಲೆ ತೆರೆದ ದಿನ ಹಾಜರಿ ಕರೆದಾಗ ಅರವತ್ತು ಮಕ್ಕಳೂ ಎಡಗೈ ಎತ್ತಿದವಂತೆ. ಬಲಗೈ ಎತ್ತಿದರೆ ಕಂಕುಳಲ್ಲಿ ಬಟ್ಟೆ ಹಿಡಿಯುತ್ತಿತ್ತು. ಒಂದು ಮಗು ಹಟಮಾಡಿ ಬಲಗೈ ಎತ್ತಿ, ಅಂಗಿ ಪರ್‍ರೆಂದು ಹರಿದು ಅತ್ತಿತಂತೆ. ಮಧ್ಯಾಹ್ನವೇ ಹೆಡ್ಮಿಸ್ ಆ ಹರಿದ ಅಂಗಿ ಹಿಡಿದು ಅಂಗಡಿಗೆ ಬಂದರು. ಮೆಟ್ಟಿಲು ಹತ್ತುವ ಸದ್ದು ಕೇಳಿದ್ದೇ ಮಾಸ್ಟರ್ ಮಿಕ್ಕ ತುಂಡಿನ ಮೇಲಿದ್ದ ಸೊನ್ನೆಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, ಬೆರಳು ಮಾಡಿ ತೋರಿಸಿದ.

"ಹಾಸಿದ್ದು ಇವಳು ಮೇಡಂ. ಹೆಂಗಸಿನ ಕೈಗೆ ಕೊಟ್ಟಿದ್ದು ನನ್ನ ತಪ್ಪು."

ಅವನ ತೋಳಿನ ಮೇಲೆ ಸುಣ್ಣದ ಪುಡಿ ಬೆಳ್ಳಗೆ ಮೆತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ನಿಂತಳು. ಹೆಡ್ಮಿಸ್ ಅವಳನ್ನು ನೋಡಿದರು, ಅವನ ತೋಳನ್ನು ನೋಡಲಿಲ್ಲ. ಮೆಷಿನ್ ಹಿಂದಿನ ಹೆಂಗಸರು ತಲೆ ಎತ್ತಲಿಲ್ಲ. ಅಷ್ಟೇ ಆದದ್ದು. ಅವತ್ತೇ ಕೆಲಸ ಹೋಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಅವಳು ಹತ್ತಿದ ಪ್ರತಿ ಟೈಲರ್ ಅಂಗಡಿಯಲ್ಲೂ, "ಓ, ಎರಡು ಎಡಗೈಯವಳಲ್ವಾ?" ಎಂದು ನಕ್ಕು ಕಳಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅತ್ತೆಗೆ ಆನೆ ಬೇಕಿರಲಿಲ್ಲ. ತಪ್ಪು ತನ್ನದು ಎಂದು ಅವನು ಅದೇ ಹೆಡ್ಮಿಸ್ ಎದುರು ಅದೇ ಬಾಯಿಂದ ಹೇಳಬೇಕು. ಅದೊಂದೇ ಬೇಕಿತ್ತು.

ಅಂಗಡಿಯ ಹಿಂದಿನ ಓಣಿಯ ಶಿಶುವಿಹಾರಕ್ಕೆ ಆಯಾ ಬೇಕಾಗಿದ್ದಳು. ಅಲ್ಲಿಯ ಕಿಟಕಿ ತೆರೆದರೆ ಕಟಿಂಗ್ ಮೇಜು ಕಾಣುತ್ತಿತ್ತು. ಅತ್ತೆ ಸಂಬಳ ಕೇಳದೆ ಒಪ್ಪಿಕೊಂಡಳು. ಎರಡನೆಯ ವಾರಕ್ಕೆ ಪದ್ಯ ಕಟ್ಟಿದಳು, ಮೂರನೆಯ ವಾರಕ್ಕೆ ನಲವತ್ತು ಮಕ್ಕಳು ಕಿಟಕಿಯ ಬಳಿ ಸಾಲಾಗಿ ನಿಂತು ಹಾಡುತ್ತಿದ್ದವು. ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು?

ಹಾಡಿನಲ್ಲಿ ಹೆಸರಿರಲಿಲ್ಲ, ಅಂಗಡಿಯ ಗುರುತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಮಾಸ್ಟರ್ ಹೆಗಲು ಮುಟ್ಟಿ ನೋಡಿಕೊಂಡ. ಮೊದಲು ತನ್ನ ಅಂಗಡಿಯ ಕಿಟಕಿಗೆ ಪರದೆ ಹಾಕಿಸಿದ. ಆಮೇಲೆ ಓಣಿಗೆ ಇಳಿದು ಮಕ್ಕಳಿಗೆ ಪೆಪ್ಪರ್‌ಮಿಂಟ್ ಹಂಚಿ ಕೊನೆಯ ಸಾಲನ್ನು 'ಆಯಮ್ಮಂದೇ ಅಂದೆ' ಎಂದು ಹೇಳಿಕೊಟ್ಟ. ಮಕ್ಕಳು ನಾಲ್ಕು ದಿನ ಹಾಗೇ ಹಾಡಿದವು. ಐದನೆಯ ದಿನ ಪೆಪ್ಪರ್‌ಮಿಂಟ್ ಮುಗಿಯಿತು, ಮಾಸ್ಟ್ರು ವಾಪಸ್ ಬಂದ. ಕೊನೆಗೆ ಅವನು ಅಂಗಡಿಯನ್ನೇ ಊರಿನ ಆ ತುದಿಗೆ ಸಾಗಿಸಿದ. ಪದ್ಯ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಅಂಗಿ ಒಯ್ಯಲು ಬಂದವರು ಯಾಕೆಂದು ತಮಗೇ ತಿಳಿಯದೆ ಎರಡೂ ತೋಳು ಜೋಡಿಸಿ ನೋಡಿ ನಗುತ್ತಿದ್ದರಂತೆ. ಇದನ್ನು ಹೇಳುವಾಗ ಅತ್ತೆಯ ದಾರ ಮಾತ್ರ ಒಂದೇ ಸಲಕ್ಕೆ ಸೂಜಿಗೆ ಹೋಗುತ್ತಿತ್ತು.

ಪದ್ಯ ಹರಡಿದಂತೆ ಬಣ್ಣ ಬದಲಿಸಿತು. ಒಂದು ಬೀದಿಯಲ್ಲಿ ಅದು ಹಗ್ಗದಾಟದ ಹಾಡಾಯಿತು. ಇನ್ನೊಂದು ಕಡೆ ಕತ್ತರಿ ಮಾಸ್ಟ್ರು ಹೋಗಿ ಕತ್ತೆ ಮಾಸ್ಟ್ರು ಬಂದ, ಅದಕ್ಕೆ ಅತ್ತೆಯ ಆಕ್ಷೇಪ ಇರಲಿಲ್ಲ. ಊಟ ಮಾಡದ ಕೂಸುಗಳಿಗೆ ತಾಯಂದಿರು 'ಬಲಗೈ ಎಲ್ಲಿ?' ಎಂದು ತುತ್ತನ್ನು ಬೆನ್ನ ಹಿಂದೆ ಬಚ್ಚಿಟ್ಟು, ಬಾಯಿ ತೆರೆದೊಡನೆ ತುರುಕುತ್ತಿದ್ದರು. ಒಬ್ಬ ಪಂಡಿತರು ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ಬೆನ್ನ ಹಿಂದಿನ ಬಲಗೈ ಎಂದರೆ ಗುಪ್ತದಾನ, ಕತ್ತರಿ ಎಂದರೆ ಕಾಲ, ಇದು ಶತಮಾನಗಳ ಹಿಂದಿನ ತತ್ತ್ವಪದ ಎಂದು. ನಾನು ಓದಿ ಹೇಳಿದೆ. ಅತ್ತೆಗೆ ನಕ್ಕೂ ನಕ್ಕೂ ಕೆಮ್ಮು ಬಂತು.

"ಶತಮಾನ ಅಂತೆ! ನನಗೆ ಅಷ್ಟು ವಯಸ್ಸಾಯ್ತೇನೇ?"

ನಗು ನಿಂತ ಮೇಲೆ ಮಾತ್ರ ಅವಳ ಮುಖ ಸಪ್ಪಗಾಯಿತು. "ಎಲ್ಲರ ಬಾಯಲ್ಲೂ ಇದೆ, ಯಾರಿಗೂ ಗೊತ್ತಿಲ್ಲ" ಎಂದಳು. ಶಿಶುವಿಹಾರಕ್ಕೆ ಬಂದ ಹೊಸ ಟೀಚರ್ ಅಂತೂ, ಮಕ್ಕಳಿಗೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದನ್ನು ಕಲಿಸಬಾರದು ಎಂದು ಕೊನೆಯ ಸಾಲನ್ನೇ ತಿದ್ದಿದರು. 'ತಪ್ಪು ಯಾರ್ದು? ನಂದೇ ಅಂದೆ!' ಒಂದು ಮಗು ಬೆರಳು ತೋರಿಸಬೇಕು, ತೋರಿಸಿಕೊಂಡವರು 'ನಂದೇ' ಎನ್ನಬೇಕು. ಅತ್ತೆ ಆ ಟೀಚರನ್ನು ಒಂದು ವರ್ಷ ಮಾತಾಡಿಸಲಿಲ್ಲ.

ಮೂವತ್ತೊಂದನೆಯ ವರ್ಷ ಮಾಸ್ಟರನ ಮೊಮ್ಮಗಳು ಅದೇ ಶಿಶುವಿಹಾರಕ್ಕೆ ಸೇರಿದಳು. ನಾಲ್ಕು ವರ್ಷದ ಚೂಟಿ. ವಾರ್ಷಿಕೋತ್ಸವಕ್ಕೆ ಈ ಪದ್ಯವನ್ನೇ ಆಡಿಸುವುದೆಂದಾಯಿತು, ಕತ್ತರಿ ಮಾಸ್ಟ್ರ ಪಾತ್ರಕ್ಕೆ ಅತ್ತೆ ಆ ಮಗುವನ್ನೇ ಆರಿಸಿದಳು. ಮುಖ್ಯ ಅತಿಥಿ ಯಾರೆಂದು ಕೇಳಿದಳು. ದೊಡ್ಡ ಶಾಲೆಯ ನಿವೃತ್ತ ಹೆಡ್ಮಿಸ್, ಎಂಬತ್ತು ದಾಟಿದೆ, ಕಿವಿ ಮಂದ ಎಂದರು. ಅಂದು ಹರಿದ ಅಂಗಿ ಹಿಡಿದು ಬಂದವರೇ. ಅವತ್ತು ಸಂಜೆ ಅತ್ತೆ ನಮ್ಮ ಮನೆಗೆ ಬಂದು, "ನಿನ್ನ ದೊಡ್ಡ ಕತ್ತರಿ ಕೊಡು" ಎಂದಳು.

ಮೂವತ್ತೊಂದು ವರ್ಷದಲ್ಲಿ ಅವಳು ಬಟ್ಟೆಗೆ ಕತ್ತರಿ ಹಾಕಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅಳತೆಯಿಲ್ಲದೆ, ಗೆರೆಯಿಲ್ಲದೆ ಕತ್ತರಿಸಿದಳು. ಕತ್ತರಿ ಒಂದೇ ಓಟಕ್ಕೆ ಅಂಚಿನಿಂದ ಅಂಚಿಗೆ ಹೋಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಸಿಟ್ಟು ಬಂತು. ಅಂಗಿ ಮುಗಿದಾಗ ಹಿಡಿದು ನೋಡಿದೆ. ಎರಡೂ ತೋಳು ಎಡಗೈಯವೇ.

"ಅತ್ತೆ! ಮಗು ಕೈ ಎತ್ತೋಕಾಗಲ್ಲ!"

"ಮಗುಗಲ್ಲ ಇದು. ಕಾಗದ. ಓದೋನು ಒಬ್ಬನೇ ಇದಾನೆ."

ಮಾರನೆಯ ದಿನ ಅಂಗಿಯನ್ನು ಮಗುವಿನ ಚೀಲಕ್ಕೆ ಹಾಕಿ, "ತಾತಂಗೆ ತೋರಿಸು ಪುಟ್ಟಿ, ಸರಿ ಇದೆಯಾ ನೋಡಲಿ" ಎಂದು ಕಳಿಸಿದಳು. ಎರಡು ದಿನ ಅಂಗಿ ಬರಲಿಲ್ಲ. ಮೂರನೆಯ ದಿನ ಬಂತು. ಬಲಗಡೆಯ ತೋಳು ಬಿಚ್ಚಿ, ಬೇರೆ ಬಟ್ಟೆಯಲ್ಲಿ ಸರಿಯಾದ ಬಲಗೈ ತೋಳು ಕೂರಿಸಿದ್ದ. ಹೊಲಿಗೆ ಮುದುಕನ ಕೈಬರಹದಂತೆ ಅತ್ತಿತ್ತ ಓಡಿತ್ತು. ಅತ್ತೆ ಅಂಗಿಯ ಅಂಚನ್ನು ಒಳಮಗ್ಗುಲಾಗಿ ತಿರುಗಿಸಿದಳು. ಮೂಲೆಯಲ್ಲಿ ಸೀಮೆಸುಣ್ಣದ ಒಂದು ಸೊನ್ನೆ ಇತ್ತು.

ಅದು ಅಳಿಸದಂತೆ ಅಂಚನ್ನು ಮೆಲ್ಲಗೆ ಮಡಿಸಿದಳು.

"ಕೈ ಒಪ್ಕೊಂಡಿದೆ" ಎಂದಳು. "ಬಾಯಿ ಬಾಕಿ. ನಾಳೆ ವಾರ್ಷಿಕೋತ್ಸವಕ್ಕೆ ನೀನೂ ಬಾ, ಅವತ್ತು ನನಗೆ ಸಾಕ್ಷಿ ಇರಲಿಲ್ಲ."

ಸಭಾಂಗಣದ ಮೊದಲ ಸಾಲಿನಲ್ಲಿ ಹೆಡ್ಮಿಸ್. ಪಕ್ಕದಲ್ಲಿ, ಮುಖ್ಯ ಪಾತ್ರಧಾರಿಯ ತಾತ ಎಂಬ ಮರ್ಯಾದೆಗೆ, ಕೋಲು ಹಿಡಿದ ಮಾಸ್ಟರ್. ಆ ಕುರ್ಚಿ ಅಲ್ಲಿಗೆ ತಾನಾಗಿ ಬಂದದ್ದಲ್ಲ, ಬೆಳಿಗ್ಗೆ ಅತ್ತೆಯೇ ಹಾಕಿಸಿದ್ದಳು. ಮಕ್ಕಳು ಹಾಡಿದವು. ಬಲಗೈ ಬೆನ್ನಿಗೆ ಹೋಯಿತು. ಕೊನೆಯ ಸಾಲಿಗೆ ಮೊಮ್ಮಗಳು, ಟೀಚರ್ ತಿದ್ದಿದ ಆಟವನ್ನೇ ಅತ್ತೆ ಹದಿನೈದು ದಿನ ಕಲಿಸಿದಂತೆ, ವೇದಿಕೆ ಇಳಿದು ತಾತನ ಎದುರು ನಿಂತು ಬೆರಳು ಚಾಚಿದಳು.

"ತಪ್ಪು ಯಾರ್ದು?"

ಮಾಸ್ಟರ್ ಪರದೆಯ ಕಡೆ ನೋಡಿದ. ಪರದೆಯ ಪಕ್ಕ ಅತ್ತೆ ನಿಂತಿದ್ದಳು, ಮರೆಯಲ್ಲಲ್ಲ, ಕಾಣುವ ಹಾಗೆ.

"ನಂದೇ" ಎಂದ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅವನು ನಗಲಿಲ್ಲ. ಕೋಲೂರಿ ಎದ್ದು ಹೆಡ್ಮಿಸ್ ಕಡೆ ತಿರುಗಿದ. "ಮೇಡಂ, ಅವತ್ತು ಬಟ್ಟೆ ಹಾಸಿದ್ದು ನಾನು."

"ಏನು? ಏನಂದ್ರಿ?" ಹೆಡ್ಮಿಸ್ ಕಿವಿಗೆ ಕೈ ಹಿಡಿದರು.

"ಬಟ್ಟೆ ಹಾಸಿದ್ದು ನಾನು!"

"ಸ್ವಲ್ಪ ಜೋರಾಗಿ ಹೇಳ್ರೀ!"

ಅವನು ಕೂಗಿದ. ಸಭಾಂಗಣಕ್ಕೆ ಸಭಾಂಗಣವೇ ಕೇಳುವಂತೆ ಕೂಗಿದ. "ಅರವತ್ತು ಅಂಗಿ ಕೆಡಿಸಿದ್ದು ನಾನು! ಅವಳಲ್ಲ! ಸುಳ್ಳು ಹೇಳಿದ್ದೆ!"

ಮೂವತ್ತೊಂದು ವರ್ಷ ಕಾದ ಮಾತು. ಹೆಡ್ಮಿಸ್ ಈಗ ಕೇಳಿಸಿಕೊಂಡರು. ಕನ್ನಡಕ ಸರಿಮಾಡಿಕೊಂಡು ಅವನನ್ನೂ, ಅತ್ತೆಯನ್ನೂ ನೋಡಿ, ಬಹಳ ಮೆತ್ತಗೆ ಕೇಳಿದರು.

"ಯಾವ ಅಂಗಿ?"

ಅವರಿಗೆ ನೆನಪೇ ಇರಲಿಲ್ಲ. ಟೀಚರ್ ಬಂದು ಮಾಸ್ಟರನ ತೋಳು ಹಿಡಿದು ಕೂರಿಸಿದರು. ಪಾಪ, ವಯಸ್ಸು ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು. ಇನ್ನೊಂದು ಚಪ್ಪಾಳೆ ಬಿತ್ತು.

ಹಿಂದಿನ ಕೋಣೆಯಲ್ಲಿ ಅತ್ತೆ ಮಕ್ಕಳ ಅಂಗಿ ಬಿಚ್ಚಿ ಮಡಿಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವನ ಬಾಯಲ್ಲಿ ಬಂತಲ್ಲ ಅತ್ತೆ."

"ಬಂತು." ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಿಸಿದಳು. "ಅವನಿಗೆ ಒಂದು ದಿನಾನೂ ಮರೆತಿರಲಿಲ್ಲ ನೋಡು. ನನಗೂ ಮರೆತಿರಲಿಲ್ಲ. ತೀರ್ಪು ಕೊಟ್ಟೋರಿಗೆ ಮರೆತೇ ಹೋಗಿದೆ."

"ಅವನನ್ನ ಕ್ಷಮಿಸ್ತೀಯಾ ಹಾಗಾದ್ರೆ?"

"ಕ್ಷಮಿಸೋಕೆ ನಾನೇನು ದೇವರಾ? ಆಯಾ ನಾನು."

ಸೋಮವಾರ ಮೊಮ್ಮಗಳು ಬಂದವಳೇ ಅತ್ತೆಯ ಸೆರಗು ಜಗ್ಗಿದಳಂತೆ. "ಆಯಮ್ಮ, ತಾತ ಕೇಳಿದ್ರು. ಇನ್ನಾದ್ರೂ ಆ ಪದ್ಯ ನಿಲ್ಲಿಸ್ತೀರಾ ಅಂತ."

ಕಿಟಕಿಯಾಚೆ ಓಣಿಯಲ್ಲಿ ಯಾವುದೋ ಮನೆಯ ಹೆಂಗಸು ಕೂಸಿಗೆ ತುತ್ತು ತಿನ್ನಿಸುತ್ತಾ 'ಬಲಗೈ ಎಲ್ಲಿ?' ಎನ್ನುತ್ತಿದ್ದಳಂತೆ. ಅತ್ತೆ ಅದನ್ನು ಮಗುವಿಗೆ ಕೈ ಮಾಡಿ ತೋರಿಸಿದಳು.

"ನಿಲ್ಲಿಸೋದು ನನ್ನ ಕೈಲಿಲ್ಲ ಅಂತ ಹೇಳು ತಾತಂಗೆ." ಆಮೇಲೆ, "ಕೈಲಿದ್ದಿದ್ರೂ ನಿಲ್ಲಿಸ್ತಿರಲಿಲ್ಲ ಅಂತಾನೂ ಹೇಳು" ಎಂದಳು.

ಮಗುವಿನ ಮೂಗು ಒರೆಸಿ, ಎಲ್ಲ ಮಕ್ಕಳನ್ನೂ ಸಾಲಾಗಿ ಕೂರಿಸಿ, ಕಚ ಕಚ ಕಚ ಎಂದು ಶುರುಮಾಡಿದಳು. ಕೊನೆಯ ಸಾಲನ್ನು ಟೀಚರ್ ತಿದ್ದಿದಂತೆ ಅಲ್ಲ, ತಾನು ಕಟ್ಟಿದಂತೆಯೇ ಹಾಡಿಸಿದಳು.