ಆರಿಸಬಾರದ ಸರ್ವರು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿರುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕ್ರಾಂತಿಕುಮಾರನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವನಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಆ ಮಟ್ಟಿಗೆ ಅಲ್ಲಿ ಸಮಾನತೆ ಇತ್ತು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ನಾಲ್ಕು ಊರಿನ ಶಾಖೆಗಳಲ್ಲಿ ತೆಗೆದ ರಕ್ತ ಥರ್ಮೋಕೋಲ್ ಡಬ್ಬಿಯಲ್ಲಿ ಕೂತು ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬರುತ್ತದೆ. ರಿಪೋರ್ಟು ಮಾತ್ರ ಬಸ್ಸು ಹತ್ತುವುದಿಲ್ಲ. ಇಲ್ಲಿಯ ಸರ್ವರಿನಿಂದ ನೆಟ್ಟಿನ ಮೇಲೆ ವಾಪಸು ಹೋಗುತ್ತದೆ. ಯಾರದೋ ಸಕ್ಕರೆ, ಯಾರದೋ ಥೈರಾಯ್ಡು, ಯಾರದೋ ಡೆಂಗ್ಯೂ, ಎಲ್ಲವೂ ಸರ್ವರೆಂಬ ಆ ಕರಿ ಡಬ್ಬಿಯ ಹೊಟ್ಟೆಯೊಳಗೆ. ಅದು ಮಲಗಿದರೆ ಐದು ಊರಿನ ರೋಗಿಗಳು ಡಾಕ್ಟರ ಮುಂದೆ ಬರಿಗೈಲಿ ಕೂರಬೇಕು.

ಅದರ ಕಾವಲುಗಾರ ಕ್ರಾಂತಿಕುಮಾರ. ವಯಸ್ಸು ನಲವತ್ತಾರು. ಬಾಗಿಲ ಮೇಲಿನ 'ಸಿಸ್ಟಂ ಅಡ್ಮಿನಿಸ್ಟ್ರೇಟರ್' ಫಲಕ ಲ್ಯಾಬಿನವರು ಹಾಕಿಸಿದ್ದಲ್ಲ, ಅವನೇ ಬರೆಸಿ ತಂದು ಮೊಳೆ ಹೊಡೆದದ್ದು. ಅದರ ಕೆಳಗೆ ಒಂದು ಬಿಳಿ ಬೋರ್ಡು. ದಿನಾ ಬೆಳಗ್ಗೆ ಹಿಂದಿನ ಅಂಕಿ ಒರೆಸಿ ಹೊಸದು ಬರೆಯುತ್ತಿದ್ದ: 'ನಿಲ್ಲದೆ ಓಡಿದ ದಿನಗಳು: ೧೧೬೩.' ಹೆಸರಿನಲ್ಲಿ ಕ್ರಾಂತಿ ಇದ್ದರೂ ಮನುಷ್ಯ ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವ ಪೈಕಿ.

ಜನ ಅದನ್ನು ಶ್ರದ್ಧೆ ಎಂದುಕೊಂಡಿದ್ದರು. ಅದು ಹೆದರಿಕೆ.

ಮೂರು ವರ್ಷದ ಹಿಂದೆ, ಊಟವಾದ ಮೇಲಿನ ತೂಕಡಿಕೆಯ ಹೊತ್ತಿನಲ್ಲಿ, ಸರ್ವರಿನ ಬೂಟ್ ಫೋಲ್ಡರು ತುಂಬಿದೆ, ಅಪ್‌ಡೇಟಿಗೆ ಜಾಗವಿಲ್ಲ ಎಂದು ಪರದೆಯ ಮೇಲೆ ಬಂತು. ಅಲ್ಲಿ ಹಳೆಯ ಕರ್ನಲ್‌ಗಳು ಕೂತಿದ್ದವು. ಕರ್ನಲ್ ಅಂದರೆ ಮಿಷನ್ನು ಚಾಲೂ ಆಗುವಾಗ ಮೊಟ್ಟಮೊದಲು ಓದಿಕೊಳ್ಳುವ ಫೈಲು. ಅದಿಲ್ಲದೆ ಸರ್ವರು ಕಣ್ಣು ಬಿಡುವುದಿಲ್ಲ. ಹಳೆಯವನ್ನು ಅಳಿಸಲು ಹೋದ ಕ್ರಾಂತಿಕುಮಾರ, ಒಂದೊಂದರ ಹೆಸರು ಹೊಡೆಯಲು ಬೇಸರವಾಗಿ, ಎಲ್ಲ ಹೆಸರಿಗೂ ಒಟ್ಟಿಗೆ ಹೊಂದುವ ನಕ್ಷತ್ರದ ಚಿಹ್ನೆ ಹಾಕಿ ಎಂಟರ್ ಒತ್ತಿದ. ಹಳೆಯದರ ಜೊತೆ ಹೊಸದೂ ಹೋಯಿತು. ಆದರೆ ಡಬ್ಬಿ ನಿಲ್ಲಲಿಲ್ಲ. ಕೀಲಿಕೈ ಕಳಕೊಂಡವನು ಮನೆಯೊಳಗೇ ಕೂತಿರುವ ತನಕ ಏನು ತೊಂದರೆ? ಹೊರಗೆ ಹೋಗಿ ಬಂದಾಗ ತಾನೇ ಗೊತ್ತಾಗುವುದು.

ಆದ್ದರಿಂದ ಡಬ್ಬಿ ಹೊರಗೆ ಹೋಗಲೇಬಾರದು, ಅಂದರೆ ಒಮ್ಮೆಯೂ ಆರಲೇಬಾರದು ಎಂದು ಅವನು ತೀರ್ಮಾನಿಸಿದ.

ಸರಿಪಡಿಸಲು ದಾರಿ ಇರಲಿಲ್ಲವೇ? ಇತ್ತು. ಇಂಟರ್ನೆಟ್ಟಿನಲ್ಲಿ ಓದಿದ್ದ. ಪ್ರತಿ ಪುಟದ ಕೊನೆಗೂ 'ತಪ್ಪಿದರೆ ನಾವು ಹೊಣೆಯಲ್ಲ' ಎಂದಿರುತ್ತಿತ್ತು. ಗೊತ್ತಿದ್ದವರನ್ನು ಕೇಳೋಣವೆಂದರೆ ಮೊದಲು ತಾನು ಮಾಡಿದ್ದೇನೆಂದು ಹೇಳಬೇಕು. ಹತ್ತು ಸಲ ಪ್ರಶ್ನೆ ಟೈಪು ಮಾಡಿ ಹತ್ತು ಸಲವೂ ಅಳಿಸಿದ್ದ. ಅಳಿಸುವುದರಲ್ಲಿ ಅವನ ಕೈ ಪಳಗಿತ್ತು.

ಆ ದಿನದಿಂದ ಸರ್ವರ್ ರೂಮು ಗರ್ಭಗುಡಿಯಾಯಿತು. ಕಸ ಹೊಡೆಯುವ ಬಸಲಿಂಗಮ್ಮ ಪೊರಕೆ ಹಿಡಿದು ಒಳಗೆ ಕಾಲಿಟ್ಟರೆ ಮೈಮೇಲೇ ಹೋಗುತ್ತಿದ್ದ. "ದೇವರ ಗುಡಿಯಾಗ ಸೈತ ಕಸ ಹೊಡೀತೀವಪ್ಪಾ, ನಿನ್ನ ಡಬ್ಬಿ ದೇವರಿಗಿಂತ ಮ್ಯಾಲೇನು?" ಎಂದು ಅವಳು ಪೊರಕೆಯನ್ನು ಅವನ ಕಾಲ ಮೇಲೇ ಆಡಿಸಿ ಹೋಗುತ್ತಿದ್ದಳು. ಯುಪಿಎಸ್ ಬ್ಯಾಟರಿ ಬದಲಿಸಲು ಬಂದ ಮೆಕ್ಯಾನಿಕ್ ಮಾಬುಸಾಬ್ "ಎರಡು ನಿಮಿಷ ಆಫ್ ಮಾಡ್ರಿ" ಎಂದರೆ, "ಆಫ್ ಅನ್ನೋ ಮಾತು ಈ ರೂಮಿನಾಗ ಆಡಬ್ಯಾಡ್ರಿ" ಎಂದು ಕರೆಂಟು ಹರಿಯುತ್ತಿರುವಾಗಲೇ ವೈರು ಬಿಚ್ಚಿಸಿದ್ದ. ಕಿಡಿ ಹಾರಿ ಮಾಬುಸಾಬರ ಎರಡು ಬೆರಳು ಸುಟ್ಟವು.

ಹೀಗಿರುವಾಗ ಒಂದು ಸೋಮವಾರ ಕರೆಂಟಿನವರ ಪ್ರಕಟಣೆ ಬಂತು. ಗುರುವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹೊಸ ಲೈನು ಎಳೆಯುವ ಕೆಲಸ, ಊರಿಗೆ ಕರೆಂಟು ಇಲ್ಲ. ಯುಪಿಎಸ್ ತಡೆಯುವುದು ನಾಲ್ಕೇ ತಾಸು.

ಲ್ಯಾಬಿನ ಮಾಲೀಕ ಮೈಲಾರಲಿಂಗಪ್ಪ ಹಡಗಲಿ ಕಡೆಯ ವ್ಯಾಪಾರಸ್ಥ. ಸರಳ ಮನುಷ್ಯ. "ಅವತ್ತು ಲ್ಯಾಬ್ ಬಂದ್ ಅಂತ ಚೀಟಿ ಅಂಟಿಸ್ರಿ. ಕ್ರಾಂತಿ, ನಿನ್ನ ಡಬ್ಬಿ ಆರಿಸಿಬಿಡಪ್ಪಾ, ಒಂದಿನ ಅದೂ ಮಲಕ್ಕೊಳ್ಲಿ" ಎಂದರು.

"ಆಗಂಗಿಲ್ರಿ. ಜನರೇಟರ್ ತರಿಸ್ರಿ."

"ರಕ್ತ ಪರೀಕ್ಷೆ ಮಾಡೋ ಮಿಷನ್ನೇ ಬಂದ್ ಇರ್ತಾವು. ಖಾಲಿ ಡಬ್ಬಿ ಓಡಿಸಾಕ ಜನರೇಟರ್ ಯಾಕಲೇ?"

"ಅದು ಟೆಕ್ನಿಕಲ್ ವಿಷಯ ಐತ್ರಿ. ನಿಮಗ ತಿಳಿಯಂಗಿಲ್ಲ."

"ತಿಳಿಯೋರನ್ನ ಕೇಳ್ತೀನಿ ತಗೋ" ಎಂದು ಮೈಲಾರಲಿಂಗಪ್ಪ ಮುಸರತಳನ್ನು ಕರೆದರು. ಇದೇ ಗಾಯದ ಮೇಲಿನ ಬರೆ. ಹರಪನಹಳ್ಳಿಯ ಮುಸರತ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕಂಪ್ಯೂಟರ್ ಡಿಗ್ರಿ ಮಾಡಿದವಳು, ಎಂಟು ವರ್ಷ ದಾವಣಗೆರೆಯಲ್ಲಿ ಇದೇ ಕೆಲಸ ಮಾಡಿ ಬಂದವಳು. ಅವಳಿಗೆ ಸರ್ವರಿನಲ್ಲಿ ನೋಡಲು ಮಾತ್ರ ಅವಕಾಶ, ಮುಟ್ಟಲು ಇಲ್ಲ. ಯಜಮಾನಿಕೆಯ ಪಾಸ್‌ವರ್ಡು ಕ್ರಾಂತಿಕುಮಾರನ ತಲೆಯೊಳಗೆ ಮಾತ್ರ.

"ಸರಿಯಾಗಿ ಆರಿಸಿದ್ರೆ ಏನೂ ಆಗಲ್ಲ ಸಾರ್" ಎಂದಳು ಮುಸರತ.

ಮಂಗಳವಾರ ಕ್ರಾಂತಿಕುಮಾರ ಹೆಮ್ಮೆಯನ್ನು ಜೇಬಿಗೆ ಹಾಕಿಕೊಂಡು ಮಾಬುಸಾಬರ ಅಂಗಡಿಗೆ ಹೋದ. ಇನ್ನೂ ನಾಲ್ಕು ಬ್ಯಾಟರಿ ಬೇಕು, ಒಂದು ದಿನದ ಮಟ್ಟಿಗೆ, ಬಂದು ಹಚ್ಚಿ ಕೊಡಬೇಕು ಎಂದ.

ಮಾಬುಸಾಬ್ ಎರಡು ಬೆರಳು ಎತ್ತಿ ತೋರಿಸಿದರು. "ನಂದೇನಿಲ್ರಿ. ಇವನ್ನ ಕೇಳ್ರಿ, ಬರ್ತಾವೇನು ಅಂತ. ಅವತ್ತು ಚರ್ಮ ಸುಲಿದಾಗ ನೀವು ಏನಂದ್ರಿ ನೆನಪೈತಾ? 'ಡಬ್ಬಿ ಆರಲಿಲ್ಲಲ್ಲ, ಸಾಕು' ಅಂದ್ರಿ."

"ಟೆನ್ಷನ್‌ನಾಗ ಬಾಯಿ ಜಾರಿತ್ರಿ ಮಾಬುಸಾಬ್ರೆ."

"ಈಗೂ ಟೆನ್ಷನ್‌ನಾಗೇ ಬಂದೀರಿ. ಹೋಗ್ರಿ, ಹೋಗ್ರಿ. ಗಿರಾಕಿಗೆ ಅಡ್ಡ ನಿಂತೀರಿ."

ಬುಧವಾರ ಮಧ್ಯಾಹ್ನ ಮುಸರತ ಬಾಗಿಲು ತಟ್ಟದೆ ಸರ್ವರ್ ರೂಮಿನ ಒಳಗೆ ಬಂದಳು.

"ಸಾರ್, ಬೂಟ್ ಫೋಲ್ಡರಿನಲ್ಲಿ ಕರ್ನಲ್ಲೇ ಇಲ್ಲವಲ್ಲ."

ಕ್ರಾಂತಿಕುಮಾರ ಚಹಾದ ಲೋಟ ಕೆಳಗಿಟ್ಟು ಡಬ್ಬಿಗೆ ಅಡ್ಡ ನಿಂತ. "ನಿನಗ ಅದರಾಗ ಇಣಿಕಿ ನೋಡಂತ ಯಾರು ಹೇಳಿದ್ರು?"

"ನಾಳೆ ಆರಿಸೋ ಮಿಷನ್ನು. ಮತ್ತೆ ಏಳುತ್ತೋ ಇಲ್ಲೋ ನೋಡೋಕೆ ಮುಹೂರ್ತ ಕೇಳ್ಬೇಕಿತ್ತಾ?"

"ಸೆಕ್ಯುರಿಟಿ ಸಲುವಾಗಿ ಬ್ಯಾರೆ ಕಡೆ ಇಟ್ಟೀನಿ."

"ಎಲ್ಲಿ?"

"ಅದನ್ನ ಹೇಳಿದ್ರ ಸೆಕ್ಯುರಿಟಿ ಎಲ್ಲಿ ಉಳೀತು?"

ಮುಸರತ ನಕ್ಕಳು. ನಾಲ್ಕು ತಿಂಗಳಲ್ಲಿ ಅವಳು ನಕ್ಕದ್ದನ್ನು ಅವನು ಕಂಡದ್ದು ಅದೇ ಮೊದಲು, ಕಾಣದಿದ್ದರೇ ಚೆನ್ನಾಗಿತ್ತು. "ಸುಳ್ಳನ್ನಾದ್ರೂ ನೆಟ್ಟಗೆ ಹೇಳಿ ಸಾರ್. ಅಳಿಸಿದ್ದು ನೀವೇ. ಮೂರು ವರ್ಷದಿಂದ ಎಲ್ಲರ ಮೇಲೂ ಹರಿಹಾಯ್ತಿದ್ದದ್ದು ಇದಕ್ಕೇ."

"ಈಗೇನು, ಮಾಲೀಕರ ಮುಂದ ಹೋಗಿ ಊದ್ತೀಯೇನು?"

"ಪಾಸ್‌ವರ್ಡ್ ಕೊಡಿ. ಅರ್ಧ ತಾಸಿನ ಕೆಲಸ."

"ಕೊಡಂಗಿಲ್ಲ."

"ಹಾಗಾದ್ರೆ ನೀವೇ ಟೈಪ್ ಮಾಡಿ. ನಾನು ಹಿಂದೆ ನಿಂತು ಹೇಳ್ತೀನಿ. ಬ್ಯಾಕಪ್ ಐತಾ, ಅದನ್ನೂ ಅಳಿಸೀರಾ?"

ಬ್ಯಾಕಪ್ ಇತ್ತು. ದಿನಾ ಸಂಜೆ ತಪ್ಪದೆ ತೆಗೆದದ್ದು, ತಾರೀಕಿನ ಪ್ರಕಾರ ಜೋಡಿಸಿದ್ದು. ಮುಸರತ ಹುಳುಕು ಹುಡುಕಿ ಹುಡುಕಿ ಸೋತಳು. ಅದಕ್ಕೂ ಅವಳಿಗೆ ಸಿಟ್ಟು ಬಂದ ಹಾಗೆ ಕಂಡಿತು.

ಕ್ರಾಂತಿಕುಮಾರ ಕೂತ. ಅವಳು ಹೇಳಿದಳು, ಅವನು ಹೊಡೆದ.

"ಅಲ್ಲಿ ಸ್ಪೇಸ್ ಬಿಡಿ."

"ಗೊತ್ತೈತಿ."

"ಗೊತ್ತಿದ್ರೆ ಬಿಡಿ."

ಬಿಟ್ಟ. ಹೊಸ ಕರ್ನಲ್ ಇಳಿದು ಬೂಟ್ ಫೋಲ್ಡರಿನಲ್ಲಿ ಕೂತಿತು. ಚಾಲೂ ಆಗುವಾಗ ಅದನ್ನೇ ಎತ್ತಿಕೊಳ್ಳಬೇಕೆಂದು ಇನ್ನೊಂದು ಆಜ್ಞೆ. ಮೂರು ವರ್ಷ ಅವನ ಊಟ ಸೇರದ ಹಾಗೆ ಮಾಡಿದ್ದ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ಅದು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಕಷ್ಟದ ಕೆಲಸವಾಗಿದ್ದರೆ ಹೆದರಿದ್ದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು.

"ಈಗ ರೀಬೂಟ್" ಎಂದಳು.

ಬೆರಳು ಎಂಟರ್ ಮೇಲೆ ನಿಂತಿತು. ಎದ್ದರೆ ಸರಿ. ಏಳದಿದ್ದರೆ ಐದು ಊರಿನ ರಿಪೋರ್ಟುಗಳು ನಿಲ್ಲುತ್ತವೆ, ಯಾಕೆ ಎಂದು ಕೇಳುತ್ತಾರೆ, ಕೇಳಿದವರಿಗೆಲ್ಲ ಅವನ ಒಂದು ಮಧ್ಯಾಹ್ನದ ಕಥೆ ಹೇಳಬೇಕಾಗುತ್ತದೆ. ಆಮೇಲೆ ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ?

"ಒತ್ತಂಗಿಲ್ಲ ಅಂದ್ರ?"

"ನಾಳೆ ಕರೆಂಟಿನವರು ಒತ್ತುತ್ತಾರೆ."

ಒತ್ತಿದ. ಪರದೆ ಕಪ್ಪಾಯಿತು. ಡಬ್ಬಿಯೊಳಗಿನ ಫ್ಯಾನಿನ ಗುಂಯ್ ಸದ್ದು ತಗ್ಗಿ ತಗ್ಗಿ ನಿಂತಿತು. ಮೂರು ವರ್ಷದಲ್ಲಿ ಮೊದಲ ಸಲ ಆ ರೂಮಿಗೆ ಹೊರಗಿನ ಸದ್ದು ಕೇಳಿಸಿತು. "ಉಜ್ಜಿನಿ, ಉಜ್ಜಿನಿ, ಉಜ್ಜಿನಿ" ಎಂದು ಯಾವನೋ ಕಂಡಕ್ಟರು ಕೂಗುತ್ತಿದ್ದ. ಆ ಬಸ್ಸು ಹತ್ತಿ ಹೋಗಿಬಿಡೋಣ ಎಂದು ಕ್ರಾಂತಿಕುಮಾರನಿಗೆ ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಫ್ಯಾನು ಮತ್ತೆ ಗುಂಯ್ ಎಂದಿತು. ಬಿಳಿ ಅಕ್ಷರಗಳು ಒಂದರ ಹಿಂದೊಂದು ಓಡಿದವು. ಕೊನೆಗೆ, ನೀನು ಯಾರು ಎಂದು ಸರ್ವರು ಕೇಳಿತು.

ತನ್ನ ಹೆಸರು ಹೊಡೆಯುವಾಗ ಅವನಿಗೆ ಎರಡು ಸಲ ತಪ್ಪಿತು.

ಮೈಲಾರಲಿಂಗಪ್ಪ ದಡಬಡ ಒಳಗೆ ಬಂದರು. "ಏನು ಮಾಡಿದ್ರಿ? ಹಡಗಲಿಯಿಂದ ಫೋನ್ ಮ್ಯಾಲ ಫೋನು! ರಿಪೋರ್ಟ್ ಬರವಲ್ದಂತ."

"ಈಗ ಬರ್ತಾವು ನೋಡ್ರಿ. ಆರಿಸಿ ಹಚ್ಚಿದ್ವಿ" ಎಂದ ಕ್ರಾಂತಿಕುಮಾರ.

"ಎದ್ದೈತಾ?" ಮಾಲೀಕರು ಪರದೆ ನೋಡಿದರು, ಅವನ ಬೆನ್ನು ತಟ್ಟಿದರು. "ನೋಡವ್ವ ಮುಸರತ, ನೀ ಅಂದಂಗ ಏನೂ ಆಗಲಿಲ್ಲ. ಇವ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ದಿದ್ದಕ್ಕ ಒಂದೇ ಏಟಿಗೆ ಎದ್ದು ನಿಂತೈತಿ."

ಕ್ರಾಂತಿಕುಮಾರ ಮುಸರತಳ ಮುಖ ನೋಡಿದ. ಅಲ್ಲಿ ಕರುಣೆ ಎಂಬುದರ ಸುಳಿವಿರಲಿಲ್ಲ.

"ಹೌದು ಸಾರ್" ಎಂದಳು. "ಕ್ರಾಂತಿ ಸಾರ್ ಇನ್ಮೇಲೆ ಪಾಸ್‌ವರ್ಡ್ ನನಗೂ ಕೊಡ್ತೀನಿ ಅಂದ್ರು. ಒಬ್ಬರ ಮೇಲೇ ಭಾರ ಯಾಕೆ ಅಂತ."

ಅವನು ಹಾಗೆ ಅಂದಿರಲಿಲ್ಲ. ಅಂದಿಲ್ಲ ಎಂದರೆ ಅವಳು ಇನ್ನೇನು ಹೇಳುತ್ತಾಳೆ ಎಂಬುದೂ ಗೊತ್ತಿತ್ತು.

"ಅಂದ್ಯೇನಪ್ಪಾ?" ಮಾಲೀಕರಿಗೆ ನಂಬಲಾಗಲಿಲ್ಲ.

"ಅಂದೆ" ಎಂದ ಕ್ರಾಂತಿಕುಮಾರ. ಪರೀಕ್ಷೆಯ ಚೀಟಿಯೊಂದರ ಹಿಂದೆ ಪಾಸ್‌ವರ್ಡು ಬರೆದು ಕೊಟ್ಟ.

"ದೊಡ್ಡ ಮನಸ್ಸಲೇ ನಿಂದು" ಎನ್ನುತ್ತ ಮೈಲಾರಲಿಂಗಪ್ಪ ಹೊರಗೆ ಹೋದರು.

ಮುಸರತ ಅವನು ಎದ್ದ ಕುರ್ಚಿಯಲ್ಲಿ ಕೂತಳು. ಚೀಟಿ ನೋಡಿ ಪಾಸ್‌ವರ್ಡು ಹೊಡೆದು ಒಳಗೆ ಹೋದಳು, ಕೂಡಲೇ ಅದನ್ನು ಬದಲಿಸಿ, ಹೊಸದನ್ನು ನಿಯಮದಂತೆ ಎರಡು ಸಲ ಒತ್ತಿದಳು. ಏನಿಟ್ಟೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

"ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ ಸಾರ್" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಏಸಿ ಹಚ್ಚೈತೆ."