ಟಣ್ ಎಂದ ಬ್ಯಾಟು

ಗೆಳೆಯರೇ, ನಾವು ಹಾಸುಗಲ್ಲಿನ ಊರಾದ ಶಹಾಬಾದಿನವರು. ಬಡಿದು ನೋಡದೆ ಕಲ್ಲು ಕೊಳ್ಳುವುದಿಲ್ಲ. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು.

ಇವತ್ತು ಟೇಬಲ್ ಟೆನಿಸ್ ಬ್ಯಾಟು ತರಲು ಹೋಗಿದ್ದೆ. ಚೆಂಡು ಆಚೆ ದಾಟಿದರೆ ಸಾಕು ಎನ್ನುವ ಆಟ ನನ್ನದು. ಅಂಗಡಿಯವರು ಒಂದನ್ನು ಮುಂದಿಟ್ಟು, "ನಿಮಗ ಇದೇ ಛಲೋರಿ ಸರ. ಚೆಂಡು ಸಾವಕಾಶ ಹೋಗ್ತದ, ಹೇಳ್ದಂಗ ಕೇಳ್ತದ" ಎಂದರು. ಇಷ್ಟು ಅಕ್ಕರೆ ಯಾಕೆ? ಯಾರೂ ಒಯ್ಯದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅನಿಸಿತು. ಕಿವಿಗೆ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದೆ. ದಬ್ ಎಂದಿತು.

"ಇದು ಒಳಗ ಒಡದದ."

"ಇಲ್ರಿ, ಇದರ ಕಟಗಿನೇ ಮೆತ್ತಗದ."

ನಾನು ನಂಬುತ್ತೇನೆಯೇ? ಇದ್ದಬದ್ದ ಬ್ಯಾಟನ್ನೆಲ್ಲ ಬಡಿದು, ಜೋರಾಗಿ ಟಣ್ ಎಂದದ್ದನ್ನೇ ತಂದೆ.

ಸಂಜೆ ಕ್ಲಬ್ಬಿನಲ್ಲಿ ನಾನು ಹೊಡೆದ ಒಂದು ಚೆಂಡೂ ಮೇಜಿನ ಮೇಲೆ ಬೀಳಲಿಲ್ಲ. ಕೊನೆಯದು ಎದುರಿಗೆ ಆಡುತ್ತಿದ್ದ ಹೆಡ್‌ಮಾಸ್ತರರ ಕನ್ನಡಕಕ್ಕೆ ತಗಲಿತು. "ಇದು ಭಾಳ ಜೋರಿನ ಬ್ಯಾಟ್ ಅದ. ನಿಮಗ ಮೆತ್ತಂದು ಬೇಕಿತ್ತು" ಎಂದರು ಅವರು, ಕನ್ನಡಕ ಒರೆಸುತ್ತ.

ಬದಲಿಸಿಕೊಡಿ ಎಂದು ಅಂಗಡಿಗೆ ಓಡಿದೆ. ಅಂಗಡಿಯವರು ಬ್ಯಾಟನ್ನು ಕಿವಿಗೆ ಹಿಡಿದು, ಬೆರಳಿನಿಂದ ಬಡಿದು, ಕಣ್ಣು ಮುಚ್ಚಿ ಕೇಳಿದರು.

"ಟಣ್ ಅನ್ಲಿಕತ್ತದಲ್ರಿ ಸರ! ಎಲ್ಲೂ ಒಡದಿಲ್ಲ. ವಾಪಸ್ ಯಾಕ್ರಿ?"